ಸ್ಪೈರಲೈಜರ್ ಮನೆಗೆ ಬೇಕೇ? ಕರಾವಳಿ ಅಡುಗೆಮನೆಯ ಪದೇ ಪದೇ ಕೇಳುವ ಪ್ರಶ್ನೆಗಳು

ತರಕಾರಿಯನ್ನು ಉದ್ದುದ್ದ ದಾರದಂತೆ, ರಿಬ್ಬನ್ನಿನಂತೆ ಬಿಡಿಸಿಕೊಡುವ ಸ್ಪೈರಲೈಜರ್ ಈಗ ಆನ್‌ಲೈನ್‌ನಲ್ಲೂ ದೊಡ್ಡ ಪಾತ್ರೆ ಅಂಗಡಿಗಳಲ್ಲೂ ಸಿಗುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಹೆಚ್ಚಾಗಿ ಜುಕಿನಿ, ಅಂದರೆ ಸೌತೆಯಂತೆ ಕಾಣುವ ವಿದೇಶಿ ತರಕಾರಿ, ಇರುತ್ತದೆ. ಮಂಗಳೂರು, ಉಡುಪಿಯವರ ಚೀಲದಲ್ಲಿರುವುದು ಸೌತೆ, ಗುಳ್ಳ, ಹೀರೆ, ಅಲಸಂಡೆ, ಬಾಳೆಕಾಯಿ. ಕೆಳಗಿನ ಉತ್ತರಗಳು ಆ ಚೀಲವನ್ನು ಮುಂದಿಟ್ಟುಕೊಂಡು ಬರೆದವು.

ಸುತ್ತುಬಳಸು ಬೇಡ. ಕೊಳ್ಳಬೇಕೋ ಬೇಡವೋ?

ವಾರಕ್ಕೆ ಎರಡು ಮೂರು ಸಲ ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಎಳೆ ಮುಳ್ಳುಸೌತೆಗಳ ಕೋಸಂಬರಿಯನ್ನೋ ಸಲಾಡನ್ನೋ ಮಾಡುವ ಮನೆಯಾದರೆ ಕೊಳ್ಳಬಹುದು. ಅನ್ನ ಕಡಿಮೆ ಮಾಡಿ ತಟ್ಟೆಯಲ್ಲಿ ತರಕಾರಿ ಹೆಚ್ಚಿಸಬೇಕು ಎಂದು ಗಟ್ಟಿ ಮನಸ್ಸು ಮಾಡಿದವರಿಗೂ ಉಪಯೋಗವಿದೆ. ಮನೆಯಲ್ಲಿ ನಡೆಯುವುದು ಹುಳಿ, ಕೊದ್ದೆಲ್, ಗಸಿ, ಸುಕ್ಕ, ಮಜ್ಜಿಗೆಹುಳಿ ಅಂತಾದರೆ ಬೇಡ. ಆ ಅಡುಗೆಗಳಿಗೆ ಹೋಳು ಬೇಕು, ಎಳೆ ಅಲ್ಲ. ಇವೆರಡರ ನಡುವೆ ಇರುವವರು ಮೊದಲು ಹಲ್ಲಿರುವ ಜುಲಿಯನ್ ಪೀಲರ್ ಒಂದನ್ನು ತಂದು ಎರಡು ತಿಂಗಳು ನೋಡಿ. ಅದರ ವಿಷಯ ಮುಂದೆ ಬರುತ್ತದೆ.

ಮೆಟ್ಟುಕತ್ತಿಯಲ್ಲಿ ಆಗದ ಯಾವ ಕೆಲಸವನ್ನು ಇದು ಮಾಡುತ್ತದೆ?

ಕತ್ತಿಯಲ್ಲಿ ಹೆಚ್ಚುವಾಗ ತುಂಡಿನ ಉದ್ದ ತರಕಾರಿಯ ಉದ್ದವನ್ನು ಮೀರುವುದಿಲ್ಲ. ಇಲ್ಲಿ ಅಲಗು ನಿಂತಲ್ಲೇ ನಿಂತು ತರಕಾರಿ ತಿರುಗುತ್ತದೆ, ಹಾಗಾಗಿ ಸುತ್ತು ಸುತ್ತಾಗಿ ಒಂದೇ ಎಳೆ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಗೇಣುದ್ದದ ಸೌತೆಯಿಂದ ಒಂದೆರಡು ಮೀಟರ್ ಉದ್ದದ ಎಳೆ ತೆಗೆಯುವುದು ಕಷ್ಟವಲ್ಲ. ದಪ್ಪ ಎಲ್ಲೆಡೆ ಒಂದೇ ಇರುವುದರಿಂದ ಬೇಯುವುದೂ ಒಂದೇ ಹದದಲ್ಲಿ. ನಿಜವಾದ ಲಾಭ ಇದೇ, ಉದ್ದ ಬರೀ ನೋಟಕ್ಕೆ.

ಜಪಾನಿನಲ್ಲಿ ಇದೇ ಕೆಲಸವನ್ನು ಚಾಕುವಿನಲ್ಲೇ ಮಾಡುತ್ತಾರೆ. ಮೂಲಂಗಿಯನ್ನು ಕೈಯಲ್ಲಿ ತಿರುಗಿಸುತ್ತಾ ಕಾಗದದಷ್ಟು ತೆಳ್ಳಗೆ ಹಾಳೆಯಾಗಿ ಸುಲಿಯುವುದಕ್ಕೆ ಕತ್ಸುರಾಮುಕಿ ಎನ್ನುತ್ತಾರೆ, ಆ ಹಾಳೆಯನ್ನು ಮಡಚಿ ಎಳೆಯಾಗಿ ಹೆಚ್ಚುತ್ತಾರೆ. ವರ್ಷಗಟ್ಟಲೆ ಅಭ್ಯಾಸ ಬೇಡುವ ಆ ಕೈಚಳಕಕ್ಕೆ ಯಂತ್ರ ಸುಲಭದ ದಾರಿ.

ಎಷ್ಟು ಬಗೆ ಇವೆ?

ಮುಖ್ಯವಾಗಿ ಮೂರು. ಒಂದು, ಡಮರುವಿನ ಆಕಾರದ ಕೈ ಸ್ಪೈರಲೈಜರ್. ಪೆನ್ಸಿಲ್ ಚೂಪು ಮಾಡುವಂತೆ ತರಕಾರಿಯನ್ನು ಒಳಗಿಟ್ಟು ತಿರುಚಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮೂರರಿಂದ ಐದು ಸೆಂ.ಮೀ. ದಪ್ಪದ ತರಕಾರಿಗೆ ಮಾತ್ರ ಸರಿ. ಕ್ಯಾರೆಟ್ಟಿನಂಥ ಗಟ್ಟಿ ತರಕಾರಿಗೆ ಮಣಿಕಟ್ಟು ನೋಯುತ್ತದೆ. ಇಬ್ಬರ ಮನೆಗೆ, ಸೌತೆಗೆ ಇದು ಸಾಕು.

ಎರಡು, ಹಿಡಿ ತಿರುಗಿಸುವ ಮೇಜಿನ ಮಾದರಿ. ರಬ್ಬರ್ ಕಾಲಿನಲ್ಲಿ ಅಡುಗೆ ಕಟ್ಟೆಗೆ ಅಂಟಿ ನಿಲ್ಲುತ್ತದೆ. ಒಂದು ತುದಿಯಲ್ಲಿ ಮುಳ್ಳಿನ ಬಿಲ್ಲೆ, ಇನ್ನೊಂದು ತುದಿಯಲ್ಲಿ ಬದಲಾಯಿಸಬಹುದಾದ ಮೂರು ನಾಲ್ಕು ಅಲಗು. ಈ ಪುಟದಲ್ಲಿ 'ಸ್ಪೈರಲೈಜರ್' ಎಂದಲ್ಲೆಲ್ಲ ಇದನ್ನೇ ಹೇಳಿದ್ದು.

ಮೂರು, ಕರೆಂಟಿನದು. ಬೇಡ. ಕೈಯಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಮೋಟಾರು, ವೈರು, ತೊಳೆಯಲಾಗದ ಸಂದುಗಳು.

ನಮ್ಮಲ್ಲಿ ಸಿಗುವ ತರಕಾರಿಗಳಲ್ಲಿ ಯಾವುದು ಆಗುತ್ತದೆ?

ನಿಯಮ ಸರಳ. ನಡುವೆ ಪೊಳ್ಳಿರಬಾರದು, ಗಟ್ಟಿ ಬೀಜ ಇರಬಾರದು, ದಪ್ಪ ನಾಲ್ಕು ಸೆಂ.ಮೀ. ಆಸುಪಾಸು ಅಥವಾ ಹೆಚ್ಚಿರಬೇಕು, ಡೊಂಕಿರಬಾರದು. ಅಂಗಡಿಯಲ್ಲಿ ಅಂದಾಜು ಬೇಕಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ. ಆ ಉಂಗುರದೊಳಗೆ ಸಡಿಲವಾಗಿ ಜಾರಿಹೋಗುವ ಕ್ಯಾರೆಟ್ ತರಬೇಡಿ.

ಎಲ್ಲಕ್ಕಿಂತ ಚೆನ್ನಾಗಿ ಬರುವುದು ಬೀಟ್‌ರೂಟ್ ಮತ್ತು ನವಿಲುಕೋಸು. ಗಟ್ಟಿ, ಗುಂಡಗೆ, ಒಳಗೆ ತುಂಬಿದ ತಿರುಳು. ನವಿಲುಕೋಸು ಬಲಿತು ನಾರಾಗಿದ್ದರೆ ಮಾತ್ರ ಅಲಗು ಕಟಕಟ ಎನ್ನುತ್ತದೆ, ಅಂಥದ್ದನ್ನು ಹುಳಿಗೆ ಹಾಕಿ. ಬಟಾಟೆ, ಗೆಣಸು ಎರಡೂ ಒಳ್ಳೆಯವು; ಗೆಣಸು ಡೊಂಕಾಗಿದ್ದರೆ ನೇರ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ದಪ್ಪನೆಯ ಊಟಿ ಕ್ಯಾರೆಟ್ ಆಗುತ್ತದೆ, ಸಪೂರದ ಉದ್ದ ಕೆಂಪು ಕ್ಯಾರೆಟ್ ಆಗುವುದಿಲ್ಲ. ಬಿಳಿ ಮೂಲಂಗಿ ದಪ್ಪನೆಯದಾದರೆ ಚಂದ. ಮೂಲಂಗಿ ಬಲಿತರೆ ಒಳಗೆ ಬೆಂಡಾಗಿ ಎಳೆ ಪುಡಿಪುಡಿಯಾಗುತ್ತದೆ.

ಮಳೆಗಾಲದ ಮುಳ್ಳುಸೌತೆ ಎಳತಾಗಿರುವಾಗ ಮಾತ್ರ. ಸಿಪ್ಪೆ ಹಳದಿಗೆ ತಿರುಗಿದರೆ ಬೀಜದ ಭಾಗ ಲೋಳೆಯಾಗಿ ಮುಳ್ಳಿನ ಬಿಲ್ಲೆಗೆ ಹಿಡಿತವೇ ಸಿಗುವುದಿಲ್ಲ. ಸೀಮೆಬದನೆ ಪರವಾಗಿಲ್ಲ, ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ಸೊನೆ ಅಂಟುವುದಿಲ್ಲ.

ಜುಕಿನಿಗೆ ನಮ್ಮಲ್ಲಿ ಹತ್ತಿರದ ಬದಲಿ ಎಂದರೆ ಎಳೆ ಸೋರೆಕಾಯಿ. ಐದು ಸೆಂ.ಮೀ. ದಪ್ಪದ, ಉಗುರು ಒತ್ತಿದರೆ ಸುಲಭವಾಗಿ ಇಳಿಯುವಷ್ಟು ಎಳತು ಬೇಕು. ಯಂತ್ರಕ್ಕೆ ಕೊಡುವ ಮೊದಲು ಸಣ್ಣ ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ವಾಂತಿ, ಭೇದಿ, ರಕ್ತಸ್ರಾವದ ತನಕ ಒಯ್ಯಬಲ್ಲದು, ಬೇಯಿಸಿದರೂ ಹೋಗುವುದಿಲ್ಲ.

ಆಗದವು: ತೊಂಡೆ, ಬೆಂಡೆ, ಅಲಸಂಡೆ, ಹಾಗಲ, ಪಡುವಲ, ಹೀರೆ, ಬಾಳೆದಿಂಡು, ಸಿಹಿಗುಂಬಳ, ಜೀಗುಜ್ಜೆ. ಕೆಲವು ಸಪೂರ, ಕೆಲವಕ್ಕೆ ಬೀಜ ಅಥವಾ ಪೊಳ್ಳು. ದಿಂಡಿನ ನಾರು ಅಲಗಿಗೆ ಸುತ್ತಿಕೊಂಡು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸಂತೆಯಿಂದ ಪ್ರತಿ ವಾರ ತರುವ ತರಕಾರಿಯ ಮುಕ್ಕಾಲು ಪಾಲು ಇದರಲ್ಲೇ ಇದೆಯೆಂದಾದರೆ ನಿಮ್ಮ ಉತ್ತರ ಸಿಕ್ಕಿತು.

ಮಂಗಳೂರು ಸೌತೆ?

ಇಲ್ಲ. ನಡುವೆ ಬೀಜದ ಗೂಡು ದೊಡ್ಡದು, ಸುತ್ತ ಎರಡು ಮೂರು ಸೆಂ.ಮೀ. ತಿರುಳಷ್ಟೇ. ಮುಳ್ಳು ಚುಚ್ಚಿಕೊಳ್ಳುವುದು ಆ ಗೂಡಿನ ನಡುವಿಗೇ. ಎರಡು ಸುತ್ತು ತಿರುಗುವಷ್ಟರಲ್ಲಿ ಕಾಯಿ ಜಾರಿ, ಬೀಜ, ಲೋಳೆ ಎಲ್ಲ ಕಟ್ಟೆಯ ಮೇಲೆ. ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ ತಿಂಗಳುಗಟ್ಟಲೆ ಇಟ್ಟು ತಿನ್ನುವ ತರಕಾರಿ ಅದು, ಅದರ ಘನತೆಗೆ ದಪ್ಪ ಹೋಳೇ ಒಪ್ಪುತ್ತದೆ. ಎಳೆಯೇ ಬೇಕಿದ್ದರೆ ಕಾಯಿ ಸೀಳಿ, ಬೀಜ ತೆಗೆದು, ಜುಲಿಯನ್ ಪೀಲರಿನಲ್ಲಿ ಎಳೆಯಿರಿ.

ಮಟ್ಟುಗುಳ್ಳ ದುಂಡಗಿದೆಯಲ್ಲ, ಆಗಬಹುದಲ್ಲ?

ಆಕಾರ ಸರಿ, ಒಳಗೆ ಸ್ಪಂಜು. ಅಲಗು ಕತ್ತರಿಸುವ ಮೊದಲೇ ತಿರುಳು ಕುಗ್ಗುತ್ತದೆ, ಬರುವುದು ಎಳೆಯಲ್ಲ, ಹರಿದ ಚೂರು. ಗಾಳಿ ತಾಗಿದ ಮೈ ಹೆಚ್ಚಾದಷ್ಟು ಬೇಗ ಕಪ್ಪೂ ಆಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಳ್ಳವನ್ನು ಹೀಗೆ ಹಾಳು ಮಾಡುವುದಕ್ಕಿಂತ ಪೋಡಿ ಮಾಡುವುದೇ ಲೇಸು.

ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಹಾಕಬಹುದೇ?

ಯಂತ್ರ ಕತ್ತರಿಸುತ್ತದೆ, ಕೈ ಗಂಟಲು ಕೇಳಬೇಡಿ. ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ತೆಳ್ಳಗೆ ಎಳೆ ತೆಗೆದಷ್ಟೂ ಹೆಚ್ಚು ಕೋಶಗಳು ಒಡೆದು ರಸ ಕೈಗೂ ಅಲಗಿಗೂ ಹತ್ತುತ್ತದೆ. ಆಮೇಲೆ ಅದೇ ಅಲಗಿನಲ್ಲಿ ಕೋಸಂಬರಿಗೆ ಹಸಿ ಸೌತೆ ತೆಗೆದರೆ ತಿಂದವರ ಬಾಯಿಯೂ ತುರಿಸುತ್ತದೆ. ಬೇಡವೇ ಬೇಡ.

ಒಂದು ಕ್ಯಾರೆಟ್ ಮಾಡುವ ಸರಿಯಾದ ಕ್ರಮ ಯಾವುದು?

ತೊಳೆದು ಸಿಪ್ಪೆ ಹೆರೆದ ಕ್ಯಾರೆಟ್ಟಿನ ಎರಡೂ ತುದಿಯನ್ನು ನೇರವಾಗಿ, ಅಂದರೆ ಕಟ್ಟೆಯ ಮೇಲೆ ನಿಲ್ಲಿಸಿದರೆ ಅಲುಗದೆ ನಿಲ್ಲುವಂತೆ ಕತ್ತರಿಸಿ. ಉದ್ದ 10 ರಿಂದ 12 ಸೆಂ.ಮೀ. ಸಾಕು; ಅದಕ್ಕಿಂತ ಉದ್ದವಿದ್ದರೆ ನಡುವೆ ಬಾಗಿ ಅಲುಗಾಡುತ್ತದೆ. ದಪ್ಪ ತುದಿಯನ್ನು ಮುಳ್ಳಿನ ಬಿಲ್ಲೆಗೂ ಸಪೂರದ ತುದಿಯನ್ನು ಅಲಗಿನ ಕಡೆಗೂ ಇಡಿ.

ಅಲಗಿನ ನಡುವೆ ಒಂದು ಸಣ್ಣ ಕೊಳವೆ ಇರುತ್ತದೆ, ಸುಮಾರು ಒಂದು ಸೆಂ.ಮೀ. ಅಗಲ. ಕ್ಯಾರೆಟ್ಟಿನ ನಡುಬಿಂದುವನ್ನು ಮೊದಲು ಆ ಕೊಳವೆಗೆ ಒತ್ತಿ ಗುರುತು ಮಾಡಿ, ಆಮೇಲೆ ಇನ್ನೊಂದು ತುದಿಗೆ ಮುಳ್ಳು ಚುಚ್ಚಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡಿ, ನಡು ತಪ್ಪಿಸಿಕೊಳ್ಳುತ್ತಾರೆ.

ಒಂದು ಕೈಯಲ್ಲಿ ಮುಳ್ಳಿನ ಬಿಲ್ಲೆ ಇರುವ, ಜಾರುವ ತಳವನ್ನು ಅಲಗಿನತ್ತ ತಳ್ಳುತ್ತಾ ಇನ್ನೊಂದರಲ್ಲಿ ಹಿಡಿ ತಿರುಗಿಸಿ. ತಳ್ಳುವ ಬಲ ಸಮನಾಗಿರಲಿ. ಮೊದಲ ಒಂದೆರಡು ಸುತ್ತು ಚೂರುಗಳೇ ಬರುತ್ತವೆ, ಕ್ಯಾರೆಟ್ ಇನ್ನೂ ದುಂಡಗಾಗಿರುವುದಿಲ್ಲ. ಆಮೇಲೆ ಸದ್ದು ಬದಲಾಗುತ್ತದೆ: ಕಟಕಟ ಹೋಗಿ ಒಂದೇ ಸಮನೆ ಸರ್ ಎನ್ನುತ್ತದೆ. ಎಳೆ ಬಟ್ಟಲಿಗೆ ಸುತ್ತಿ ಬೀಳತೊಡಗುತ್ತದೆ, ಕೊಳವೆಯ ಹಿಂದಿನಿಂದ ಪೆನ್ಸಿಲಿನಂಥ ಕಡ್ಡಿ ಹೊರಬರುತ್ತದೆ. ಕೊನೆಗೆ ಮುಳ್ಳಿನಲ್ಲಿ ಅಣಬೆಯಂಥ ಟೊಪ್ಪಿ ಉಳಿದಾಗ ನಿಲ್ಲಿಸಿ. ಅದನ್ನೂ ಕತ್ತರಿಸಲು ಬೆರಳು ಹತ್ತಿರ ಒಯ್ಯಬೇಡಿ.

ಎಳೆ ಬರುವುದೇ ಇಲ್ಲ, ಅರ್ಧಚಂದ್ರದ ತುಂಡುಗಳೇ ಬರುತ್ತವೆ. ಯಂತ್ರ ಕೆಟ್ಟಿದೆಯೇ?

ಹೆಚ್ಚಾಗಿ ಯಂತ್ರದ್ದಲ್ಲ, ನಡು ತಪ್ಪಿದ್ದು. ತರಕಾರಿ ಓರೆಯಾಗಿ ಕೂತರೆ ಪ್ರತಿ ಸುತ್ತಿನಲ್ಲಿ ಒಂದು ಬದಿ ಅಲಗಿಗೆ ತಾಗುತ್ತದೆ, ಇನ್ನೊಂದು ಬದಿ ತಾಗುವುದಿಲ್ಲ. ತುದಿ ಓರೆ ಕತ್ತರಿಸಿದ್ದು, ಡೊಂಕು ತರಕಾರಿ, ತಳ್ಳುವುದು ಸಾಲದೆ ಹೋದದ್ದು, ಇವೇ ಕಾರಣ. ತೆಗೆದು, ತುದಿಯಿಂದ ಅರ್ಧ ಸೆಂ.ಮೀ. ಮತ್ತೆ ನೇರ ಕತ್ತರಿಸಿ, ಹೊಸದಾಗಿ ಕೂರಿಸಿ.

ಎಳೆಯ ಅಂಚು ಒರಟಾಗಿ, ನೊರೆ ನೊರೆಯಾಗಿ ರಸ ಒಸರುತ್ತಿದ್ದರೆ ಅಲಗು ಮೊಂಡಾಗಿದೆ. ಮುಳ್ಳು ತರಕಾರಿಯೊಳಗೆ ಗುಂಡಿ ತೋಡಿ ಸುಮ್ಮನೆ ತಿರುಗುತ್ತಿದ್ದರೆ ತರಕಾರಿ ತೀರಾ ಮೆತ್ತಗಾಗಿದೆ ಅಥವಾ ನೀವು ತಳ್ಳುವುದು ಹೆಚ್ಚಾಗಿದೆ. ಬಾಡಿದ ಕ್ಯಾರೆಟ್ಟನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ.

ಉದ್ದ ಎಳೆಯನ್ನು ಕೈಯಲ್ಲಿ ಉಣ್ಣುವುದು ಹೇಗೆ?

ಫೋರ್ಕಿಗೆ ಸುತ್ತಿ ತಿನ್ನುವವರಿಗಾಗಿ ಮಾಡಿದ ಸಾಧನ ಇದು, ಬಾಳೆಲೆಯ ಮುಂದೆ ಕೂತವರಿಗಲ್ಲ. ಅನ್ನಕ್ಕೆ ಕಲಸಿದರೆ ಎಳೆ ತುತ್ತಿನಿಂದ ಹೊರಗೆ ಜೋತಾಡುತ್ತದೆ. ಒಂದನ್ನು ಎಳೆದರೆ ಬಡಿಸಿದ್ದೆಲ್ಲ ಬರುತ್ತದೆ. ಪರಿಹಾರ ಎರಡು. ಎಳೆಯ ರಾಶಿಗೆ ಕತ್ತರಿ ಹಾಕಿ ನಾಲ್ಕೈದು ಸೆಂ.ಮೀ. ತುಂಡು ಮಾಡಿ. ಇಲ್ಲವೆ, ಯಂತ್ರಕ್ಕೆ ಇಡುವ ಮೊದಲೇ ತರಕಾರಿಯ ಒಂದು ಬದಿಯಲ್ಲಿ ಉದ್ದಕ್ಕೆ ಒಂದು ಸೀಳು ಹಾಕಿ, ಆಳ ನಡುವಿನ ತನಕ ಮಾತ್ರ. ಪ್ರತಿ ಸುತ್ತಿಗೂ ಎಳೆ ತಾನಾಗಿ ತುಂಡಾಗಿ ಬೀಳುತ್ತದೆ. ಸೀಳು ನಡುವನ್ನು ದಾಟಿದರೆ ತರಕಾರಿ ಎರಡಾಗಿ ಒಡೆಯುತ್ತದೆ. ಕೋಸಂಬರಿಗೆ ಈ ಉಪಾಯವೇ ಒಳ್ಳೆಯದು. ಇಷ್ಟಾದ ಮೇಲೆ ಗ್ರೇಟರಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ಗ್ರೇಟರ್ ಜಜ್ಜಿ ರಸ ಬಿಡಿಸುತ್ತದೆ, ಇದು ಕತ್ತರಿಸುತ್ತದೆ. ಗರಿಗರಿ ಉಳಿಯುವುದು ಅದಕ್ಕೇ.

ಎಷ್ಟು ವ್ಯರ್ಥವಾಗುತ್ತದೆ?

ಇದು ದಪ್ಪದ ಲೆಕ್ಕ. ನಡುವಿನ ಕಡ್ಡಿ ಒಂದು ಸೆಂ.ಮೀ. ಎಂದಿಟ್ಟುಕೊಂಡರೆ 4 ಸೆಂ.ಮೀ. ದಪ್ಪದ ತರಕಾರಿಯಲ್ಲಿ ನೂರಕ್ಕೆ 6 ಪಾಲು ಕಡ್ಡಿಗೆ ಹೋಗುತ್ತದೆ. ದಪ್ಪ 2 ಸೆಂ.ಮೀ. ಆದರೆ ನೂರಕ್ಕೆ 25. ಇದರ ಮೇಲೆ ಮುಳ್ಳಿನಲ್ಲಿ ಉಳಿಯುವ ಟೊಪ್ಪಿ, ಸುಮಾರು ಒಂದೂವರೆ ಸೆಂ.ಮೀ. ಉದ್ದ, 12 ಸೆಂ.ಮೀ. ಕ್ಯಾರೆಟ್ಟಿನಲ್ಲಿ ಅದು ಎಂಟನೇ ಒಂದು ಭಾಗ. ಡಮರು ಮಾದರಿಯಲ್ಲಿ ಕೊನೆಯ ತುಂಡು ಚೂಪಾಗಿ ಉಳಿಯುವುದರಿಂದ ವ್ಯರ್ಥ ಇನ್ನೂ ಹೆಚ್ಚು.

ಸೌತೆಯ ಎಳೆ ಬಡಿಸುವಷ್ಟರಲ್ಲಿ ನೀರಲ್ಲಿ ತೇಲುತ್ತದೆ. ಏನು ಮಾಡಲಿ?

ಸೌತೆಯಲ್ಲಿ ನೂರಕ್ಕೆ 95 ನೀರೇ. ಎಳೆ ಮಾಡಿದಾಗ ಕತ್ತರಿಸಿದ ಮೈ ಹೆಚ್ಚುತ್ತದೆ, ಉಪ್ಪು ಬಿದ್ದ ಕೂಡಲೇ ಆ ಮೈಯಿಂದ ನೀರು ಹೊರಬರುತ್ತದೆ. ಎರಡು ದಾರಿಯಲ್ಲಿ ಒಂದನ್ನು ಹಿಡಿಯಿರಿ.

ಸಾಸಮೆಗೆ, ಮೊಸರುಬಜ್ಜಿಗೆ ಮೊದಲೇ ನೀರು ತೆಗೆಯಬೇಕು. 250 ಗ್ರಾಂ ಎಳೆಗೆ ಅರ್ಧ ಟೀ ಚಮಚ ಉಪ್ಪು ಹಾಕಿ ತೂತಿನ ಪಾತ್ರೆಯಲ್ಲಿ 10 ರಿಂದ 15 ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಮೆಲ್ಲಗೆ ಹಿಂಡಿ. ಹಿಂಡಿದ ನೀರನ್ನು ಮಜ್ಜಿಗೆಗೆ ಸೇರಿಸಿ, ಉಪ್ಪು ಅದರಲ್ಲೇ ಇದೆ. ಆಮೇಲೆ ಅರ್ಧ ಕಪ್ ಕಾಯಿತುರಿ, ಅರ್ಧ ಟೀ ಚಮಚ ಸಾಸಿವೆ, ಒಂದು ಕಾಯಿಮೆಣಸು ಅರೆದು, ಒಂದು ಕಪ್ ಗಟ್ಟಿ ಮೊಸರಿನೊಂದಿಗೆ ಕಲಸಿ. ಹೆಚ್ಚುವರಿ ಉಪ್ಪು ರುಚಿ ನೋಡಿಯೇ ಹಾಕಿ, ಎಳೆ ಸ್ವಲ್ಪ ಹೀರಿಕೊಂಡಿರುತ್ತದೆ.

ಕೋಸಂಬರಿಗೆ ಉಲ್ಟಾ: ಎಲ್ಲ ಸಿದ್ಧ ಮಾಡಿಟ್ಟು, ಎಲೆಗೆ ಬಡಿಸುವ ಐದು ನಿಮಿಷ ಮೊದಲು ಉಪ್ಪು, ಲಿಂಬೆರಸ ಹಾಕಿ. ಒಂದು ಗಂಟೆ ನೆನೆದ ಕಾಲು ಕಪ್ ಹೆಸರುಬೇಳೆಗೆ ಎರಡು ಕಪ್ ಎಳೆ ಸರಿಹೋಗುತ್ತದೆ. ಬೇಳೆಯ ನೀರು ಪೂರ್ತಿ ಬಸಿದಿರಬೇಕು. ಒಗ್ಗರಣೆ ಆರಿದ ಮೇಲೆ ಸೇರಿಸಿ, ಬಿಸಿ ಎಣ್ಣೆ ಬಿದ್ದಲ್ಲಿ ಎಳೆ ಬಾಡುತ್ತದೆ.

ತರಕಾರಿ ಎಳೆ ಸೇಮಿಗೆಗೆ ಬದಲಿಯಾಗುತ್ತದೆಯೇ?

ನೋಟಕ್ಕೆ ಹೌದು, ಬಾಯಿಗೆ ಇಲ್ಲ. ಅಕ್ಕಿ ಅರೆದು, ಹಿಟ್ಟನ್ನು ಗಟ್ಟಿ ಮಾಡಿ, ಉಂಡೆ ಬೇಯಿಸಿ, ಬಿಸಿ ಇರುವಾಗಲೇ ಮಣೆಯಲ್ಲಿ ಒತ್ತಿದ ಸೇಮಿಗೆ ಬೆಂದ ಗಂಜಿಯ ಜಾಲ. ಕಾಯಿಹಾಲು, ಬೆಲ್ಲ ಸುರಿದರೆ ಹೀರಿಕೊಳ್ಳುತ್ತದೆ. ತರಕಾರಿಯ ಎಳೆ ನೀರು ತುಂಬಿದ ಕೋಶಗಳ ಸಾಲು. ಬೆಲ್ಲವೋ ಉಪ್ಪೋ ಸಿಕ್ಕರೆ ತನ್ನ ನೀರನ್ನೇ ಬಿಡುತ್ತದೆ. ಕಾಯಿಹಾಲು ಕ್ಯಾರೆಟ್ ಎಳೆಯ ಮೇಲೆ ನಿಲ್ಲದೆ ಜಾರಿ ತಟ್ಟೆಯ ತಳಕ್ಕೆ ಹೋಗುತ್ತದೆ. ಕೋಳಿ ಗಸಿಯ ಜೊತೆಗೂ ಇದೇ ಕತೆ, ಗಸಿ ತೆಳ್ಳಗಾಗುತ್ತದೆ. ಒಗ್ಗರಣೆ ಸೇಮಿಗೆಗೆ ಅರ್ಧದಷ್ಟು ಕ್ಯಾರೆಟ್ ಅಥವಾ ನವಿಲುಕೋಸಿನ ಎಳೆ ಬೆರೆಸಿದರೆ ಮಾತ್ರ ಎರಡೂ ಒಂದಕ್ಕೊಂದು ಹೊಂದುತ್ತವೆ. ಎಳೆಯನ್ನು ಮೊದಲು ಒಗ್ಗರಣೆಯಲ್ಲಿ ಎರಡು ನಿಮಿಷ ಬಾಡಿಸಿ, ಆಮೇಲೆ ಸೇಮಿಗೆ ಹಾಕಿ.

ಸಕ್ಕರೆ ಕಾಯಿಲೆಯವರು ಅನ್ನದ ಬದಲು ಇದನ್ನು ತಿನ್ನಬಹುದೇ?

ಯಂತ್ರದಲ್ಲಿ ಔಷಧವಿಲ್ಲ, ಎಲ್ಲ ಇರುವುದು ಒಳಗೆ ಹಾಕುವ ತರಕಾರಿಯಲ್ಲಿ. 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ತೂಕದ ಸೌತೆಯಲ್ಲಿ 4 ಗ್ರಾಮಿಗಿಂತ ಕಡಿಮೆ, ಕ್ಯಾರೆಟ್, ಬೀಟ್‌ರೂಟಿನಲ್ಲಿ 10 ರ ಆಸುಪಾಸು, ಬಟಾಟೆಯಲ್ಲಿ 17, ಗೆಣಸಿನಲ್ಲಿ 20. ಗೆಣಸಿನ ಎಳೆ ತಿಂದು 'ಅನ್ನ ಬಿಟ್ಟೆ' ಎಂದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾತು: ಬರೀ ಸೌತೆ, ಸೋರೆ ಎಳೆಯಲ್ಲಿ ಹೊಟ್ಟೆ ನಿಲ್ಲುವುದಿಲ್ಲ, ಎರಡು ಗಂಟೆಗೆ ಹಸಿವು. ಅನ್ನ ಅರ್ಧ ಮಾಡಿ, ಆ ಜಾಗದಲ್ಲಿ ಎಳೆಯ ಪಲ್ಯ, ಜೊತೆಗೆ ಹೆಸರುಕಾಳೋ ಕಡಲೆಯೋ ಇಟ್ಟರೆ ನಡೆಯುತ್ತದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಗೇ ಇಳಿಸಿದರೆ ಸಕ್ಕರೆ ಕುಸಿಯಬಹುದು, ವೈದ್ಯರಿಗೆ ಹೇಳಿಯೇ ಬದಲಿಸಿ.

ಪಲ್ಯಕ್ಕೆ ಎಷ್ಟು ಹೊತ್ತು ಬೇಯಿಸಬೇಕು?

ಮೂರು ಮಿ.ಮೀ. ಎಳೆಯಾದರೆ ಸೋರೆ ಎರಡು ನಿಮಿಷ, ಕ್ಯಾರೆಟ್ ಮೂರರಿಂದ ನಾಲ್ಕು, ನವಿಲುಕೋಸು ನಾಲ್ಕರಿಂದ ಐದು, ಬೀಟ್‌ರೂಟ್ ಮತ್ತು ಗೆಣಸು ಆರೇಳು, ಬಟಾಟೆ ಏಳೆಂಟು. ಅಗಲ ಬಾಣಲೆ ಬೇಕು. ಚಿಕ್ಕ ಪಾತ್ರೆಯಲ್ಲಿ ರಾಶಿ ಹಾಕಿದರೆ ಮೇಲಿನದು ಹಸಿ, ಕೆಳಗಿನದು ಮುದ್ದೆ. ನೀರು ಹಾಕಬೇಡಿ. ಬೀಟ್‌ರೂಟಿಗೆ ಮಾತ್ರ ಕೈಯಲ್ಲಿ ಎರಡು ಸಲ ನೀರು ಚಿಮುಕಿಸಿ ಮುಚ್ಚಿ. ಸಟ್ಟುಗದಲ್ಲಿ ಗೊಟಾಯಿಸಿದರೆ ಎಳೆ ಮುರಿಯುತ್ತದೆ, ಇಕ್ಕಳದಲ್ಲಿ ಎತ್ತಿ ಎತ್ತಿ ತಿರುಗಿಸಿ. ಉಪ್ಪು, ಕಾಯಿತುರಿ ಕೊನೆಗೆ. ಸ್ವಲ್ಪ ಹಸಿ ಎನಿಸುವಾಗಲೇ ಇಳಿಸಿ, ಪಾತ್ರೆಯ ಬಿಸಿಯಲ್ಲಿ ಇನ್ನೂ ಒಂದು ಹದ ಬೇಯುತ್ತದೆ.

ಜಾತ್ರೆಯಲ್ಲಿ ಕಡ್ಡಿಗೆ ಸುತ್ತಿ ಮಾರುವ ಬಟಾಟೆ ಸುರುಳಿ ಇದರಲ್ಲಿ ಬರುತ್ತದೆಯೇ?

ಅದಕ್ಕೆ ಬೇರೆಯೇ ಸಾಧನ. ಅಲ್ಲಿ ಇಡೀ ಬಟಾಟೆ ಕಡ್ಡಿಯಲ್ಲೇ ಇದ್ದು, ಸುರುಳಿಯನ್ನು ಕಡ್ಡಿಯುದ್ದಕ್ಕೆ ಎಳೆದು ಹಿಗ್ಗಿಸುತ್ತಾರೆ. ನಿಮ್ಮ ಯಂತ್ರದ ಚಪ್ಪಟೆ ಅಲಗಿನಲ್ಲಿ ರಿಬ್ಬನ್ ತೆಗೆದು ಕಡ್ಡಿಗೆ ಪೋಣಿಸಿದರೆ ಸುಮಾರಾಗಿ ಹಾಗೆಯೇ ಕಾಣುತ್ತದೆ, ಅಷ್ಟೇ.

ಕರಿದ ಎಳೆಯಂತೂ ಮಕ್ಕಳಿಗೆ ಇಷ್ಟ. ಬಟಾಟೆ ಎಳೆಯನ್ನು ತಣ್ಣೀರಿನಲ್ಲಿ 20 ನಿಮಿಷ ಇಟ್ಟು, ನೀರು ತಿಳಿಯಾಗುವ ತನಕ ಎರಡು ಸಲ ಬದಲಿಸಿ. ಗಂಜಿ ಉಳಿದರೆ ಎಳೆಗಳು ಅಂಟಿ ಬೇಗ ಕಪ್ಪಾಗುತ್ತವೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಂದು ಎಳೆ ಎಣ್ಣೆಗೆ ಹಾಕಿದ ಕೂಡಲೇ ಗುಳ್ಳೆ ಬಂದು ಮೇಲೇಳಬೇಕು. ಒಂದು ಸಲಕ್ಕೆ ಒಂದು ಹಿಡಿ ಮಾತ್ರ. ಒದ್ದೆ ಎಳೆಯ ಗಂಟನ್ನು ಒಮ್ಮೆಗೇ ಹಾಕಿದರೆ ಎಣ್ಣೆ ಉಕ್ಕಿ ಒಲೆಗೆ ಬರುತ್ತದೆ.

ನೀರುಳ್ಳಿ, ಕ್ಯಾಬೇಜ್?

ಚಪ್ಪಟೆ ಅಲಗಿನಲ್ಲಿ ಎರಡೂ ಬಹಳ ಚೆನ್ನಾಗಿ ಆಗುತ್ತವೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ನೀರುಳ್ಳಿ ಬಜೆಗೆ ಬೇಕಾದ ಸಮ ದಪ್ಪದ ಪದರು ಬರುತ್ತದೆ, ಬೇರಿನ ಕಡೆಗೆ ಮುಳ್ಳು ಚುಚ್ಚಬೇಕು. ಅಂಗೈ ಗಾತ್ರದ ಸಣ್ಣ ಕ್ಯಾಬೇಜನ್ನು ದಿಂಡು ನಡುವಿಗೆ ಬರುವಂತೆ ಕೂರಿಸಿದರೆ ಉಪ್ಕರಿಗೆ ಸಪೂರ ಎಳೆ ಸಿಗುತ್ತದೆ. ದೊಡ್ಡ ಕ್ಯಾಬೇಜ್ ಯಂತ್ರದಲ್ಲಿ ಹಿಡಿಯುವುದಿಲ್ಲ.

ಐವತ್ತು ಜನರ ಪೂಜೆ ಊಟಕ್ಕೆ?

ಆಗದು. ಐದು ಕಿಲೋ ಕ್ಯಾರೆಟ್ಟನ್ನು ಒಂದೊಂದಾಗಿ ಕೂರಿಸುವಷ್ಟರಲ್ಲಿ ನಾಲ್ಕು ಜನ ಮೆಟ್ಟುಕತ್ತಿಯಲ್ಲಿ ಹೆಚ್ಚಿ, ಮಾತೂ ಆಡಿ ಎದ್ದಿರುತ್ತಾರೆ.

ಯಂತ್ರ ಕಟ್ಟೆಗೆ ಅಂಟುವುದೇ ಇಲ್ಲ.

ರಬ್ಬರ್ ಕಾಲಿನ ಕೆಳಗಿನ ಗಾಳಿ ಪೂರ್ತಿ ಹೋದರೆ ಮಾತ್ರ ಅಂಟುತ್ತದೆ. ಹೊಳಪಿನ ಗ್ರಾನೈಟಿಗೆ, ಗಾಜಿಗೆ ಸರಿ. ಒರಟು ಕಡಪ ಕಲ್ಲು, ಟೈಲ್ಸಿನ ಸಂದು, ಕೆಂಪು ಕಾವಿಯ ಕಟ್ಟೆ, ಮರದ ಮೇಜು ಯಾವುದಕ್ಕೂ ಹಿಡಿಯುವುದಿಲ್ಲ. ಮೊದಲು ಕಟ್ಟೆಯ ಎಣ್ಣೆಜಿಡ್ಡನ್ನು ಸೋಪು ಹಾಕಿ ಒರಸಿ, ಕಾಲಿಗೆ ಒದ್ದೆ ಬೆರಳು ಸವರಿ, ನಾಲ್ಕೂ ಮೂಲೆ ಒತ್ತಿ. ಆದರೂ ಆಗದಿದ್ದರೆ ದಪ್ಪ ಗಾಜಿನ ಕಟಿಂಗ್ ಬೋರ್ಡಿಗೆ ಅಂಟಿಸಿ, ಬೋರ್ಡಿನ ಕೆಳಗೆ ಒದ್ದೆ ಬೈರಾಸು ಹಾಸಿ. ಒಂದೆರಡು ಮಳೆಗಾಲ ಕಳೆದ ಮೇಲೆ ರಬ್ಬರ್ ಗಡುಸಾಗಿದ್ದರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ನೋಡಿ.

ತೊಳೆಯುವುದು, ಕಲೆ, ತುಕ್ಕು?

ಕೊಂಡ ಯಂತ್ರ ಅಟ್ಟ ಸೇರುವುದು ಹೆಚ್ಚಾಗಿ ತೊಳೆಯುವ ಬೇಸರಕ್ಕೇ. ಕತ್ತರಿಸಲು ಎರಡು ನಿಮಿಷ, ತೊಳೆಯಲು ಐದು. ಕೆಲಸ ಮುಗಿದ ಕೂಡಲೇ ನಲ್ಲಿಯ ಕೆಳಗೆ ಹಿಡಿಯಿರಿ. ಒಣಗಿದ ಬಟಾಟೆ ಗಂಜಿ ಹಲ್ಲುಗಳ ಸಂದಿನಲ್ಲಿ ಸಿಮೆಂಟಿನಂತೆ ಕೂರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಉಜ್ಜಿ. ಬೆರಳು, ತೆಂಗಿನ ನಾರು ಎರಡೂ ಬೇಡ. ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಕೊಯ್ಯುತ್ತದೆ.

ಕ್ಯಾರೆಟ್ಟಿನ ಕಿತ್ತಳೆ ಕಲೆ ಸೋಪಿಗೆ ಹೋಗುವುದಿಲ್ಲ, ಆ ಬಣ್ಣ ಕರಗುವುದು ಎಣ್ಣೆಯಲ್ಲಿ. ನಾಲ್ಕು ಹನಿ ತೆಂಗಿನೆಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರಸಿ, ಆಮೇಲೆ ಸೋಪು ಹಾಕಿ. ಬೀಟ್‌ರೂಟಿನ ಬಣ್ಣ ನೀರಿನಲ್ಲೇ ಕರಗುವಂಥದ್ದು, ಒಣಗುವ ಮೊದಲು ತಣ್ಣೀರು ಸಾಕು.

ಕಡಲ ಗಾಳಿಯ ಉಪ್ಪು, ಮಳೆಗಾಲದ ಪಸೆ ಸೇರಿದರೆ ಅಗ್ಗದ 'ಸ್ಟೇನ್‌ಲೆಸ್' ಅಲಗಿನಲ್ಲೂ ಕಂದು ಚುಕ್ಕೆ ಏಳುತ್ತದೆ, ಸ್ಕ್ರೂಗಳಲ್ಲಿ ಇನ್ನೂ ಮೊದಲು. ಒರಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಒಣಗಿಸಿ, ಅಲಗಿಗೆ ತೆಂಗಿನೆಣ್ಣೆಯ ಕೈ ಆಡಿಸಿ ಇಡಿ. ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಡಬೇಡಿ, ಪಸೆ ಒಳಗೇ ನಿಲ್ಲುತ್ತದೆ.

ಅಲಗನ್ನು ಸಾಣೆ ಹಿಡಿಸಬಹುದೇ?

ಚಪ್ಪಟೆ ಅಲಗನ್ನು ಬಿಚ್ಚಲು ಬಂದರೆ ಹೌದು. ಹಲ್ಲಿನ ಅಲಗನ್ನು ಸಾಣೆ ಹಿಡಿಯುವವರೂ ಮುಟ್ಟುವುದಿಲ್ಲ. ಬದಲಿ ಅಲಗು ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಸಿಗದಿದ್ದರೆ ಅಲಗು ಮೊಂಡಾದ ದಿನವೇ ಯಂತ್ರದ ಆಯುಷ್ಯ ಮುಗಿಯಿತು.

ಜುಲಿಯನ್ ಪೀಲರ್ ಸಾಕು ಎಂದಿರಿ. ಅದರಲ್ಲಿ ಏನು ಕಡಿಮೆ?

ಸಿಪ್ಪೆ ಹೆರೆಯುವ ಪೀಲರಿನಂಥದ್ದೇ, ಅಲಗಿನಲ್ಲಿ ಹಲ್ಲುಗಳಿರುತ್ತವೆ. ಉದ್ದಕ್ಕೆ ಎಳೆದರೆ ಎರಡು ಮೂರು ಮಿ.ಮೀ. ಅಗಲದ ಎಳೆಗಳು. ಮೇಜಿನ ಮಾದರಿಯ ಕಾಲು ಬೆಲೆಯೂ ಇಲ್ಲ, ಚಮಚದ ಡಬ್ಬಿಯಲ್ಲೇ ಜಾಗ, ತೊಳೆಯಲು ಅರ್ಧ ನಿಮಿಷ. ಸಪೂರ ಕ್ಯಾರೆಟ್, ಬೀಜ ತೆಗೆದ ಸೌತೆ, ಹಸಿ ಪಪ್ಪಾಯಿ, ಮಾವಿನಕಾಯಿ, ಹೀಗೆ ಸ್ಪೈರಲೈಜರಿಗೆ ಆಗದ ನಮ್ಮ ಎಷ್ಟೋ ತರಕಾರಿಗಳಿಗೆ ಆಗುತ್ತದೆ. ಕಡಿಮೆ ಎಂದರೆ ಸುರುಳಿ ಬರುವುದಿಲ್ಲ, ಬೀಟ್‌ರೂಟ್, ಬಟಾಟೆಯಂಥ ಗುಂಡನೆಯದರಲ್ಲಿ ಎಳೆ ಗಿಡ್ಡ, ಅರ್ಧ ಕಿಲೋ ದಾಟಿದರೆ ಕೈ ಸೋಲುತ್ತದೆ. ತರಕಾರಿ ಸಣ್ಣದಾಗುತ್ತಾ ಬಂದಾಗ ಫೋರ್ಕಿಗೆ ಚುಚ್ಚಿ ಹಿಡಿಯಿರಿ. ಈ ಹಲ್ಲು ಬೆರಳಿಗೆ ತಾಗಿದರೆ ನಾಲ್ಕು ಗೀರು ಒಟ್ಟಿಗೆ.

ಅಂಗಡಿಯಲ್ಲಿ ಏನು ನೋಡಿ ಕೊಳ್ಳಲಿ?

ಹಿಡಿಯನ್ನು ಖಾಲಿ ತಿರುಗಿಸಿ ನೋಡಿ, ಮುಳ್ಳಿನ ಬಿಲ್ಲೆ ತೂಗಾಡಬಾರದು. ಬಿಲ್ಲೆಯ ನಡುವೂ ಅಲಗಿನ ಕೊಳವೆಯ ನಡುವೂ ಒಂದೇ ಗೆರೆಯಲ್ಲಿರಬೇಕು. ಬದಿಯಿಂದ ಕಣ್ಣು ಹಾಕಿದರೆ ತಿಳಿಯುತ್ತದೆ. ಪ್ಲಾಸ್ಟಿಕ್ ಒತ್ತಿದರೆ ಬಾಗಬಾರದು, ಬೀಟ್‌ರೂಟಿಗೆ ಬಾಗಿದ್ದು ಮುರಿಯದೆ ಇರದು. ಬಳಸದ ಅಲಗುಗಳನ್ನು ಇಡಲು ಯಂತ್ರದಲ್ಲೇ ಗೂಡಿರಲಿ, ಇಲ್ಲದಿದ್ದರೆ ಡ್ರಾಯರಿಗೆ ಕೈ ಹಾಕುವವರಿಗೆ ಅಪಾಯ. ಅಲಗಿನ ಸಂಖ್ಯೆ ನೋಡಿ ಮರುಳಾಗಬೇಡಿ: ಮೂರು ಮಿ.ಮೀ. ಎಳೆ ಮತ್ತು ಚಪ್ಪಟೆ, ಬಳಕೆಗೆ ಬರುವುದು ಈ ಎರಡೇ.

ಉಳಿದ ಕಡ್ಡಿ, ಟೊಪ್ಪಿಗಳನ್ನು ಏನು ಮಾಡಲಿ?

ಕ್ಯಾರೆಟ್, ನವಿಲುಕೋಸಿನವನ್ನು ಮರುದಿನದ ಹುಳಿಗೆ ಹಾಕಿ. ಬೀಟ್‌ರೂಟಿನದನ್ನು ಬೇಯಿಸಿ, ಕಾಯಿ, ಕಾಯಿಮೆಣಸು, ಅರ್ಧ ಚಮಚ ಜೀರಿಗೆಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದರೆ ಗುಲಾಬಿ ಬಣ್ಣದ ತಂಬುಳಿ. ಸೌತೆಯ ಬೀಜದ ಕಡ್ಡಿಯನ್ನು ನೀರ್‌ದೋಸೆಯ ಅಕ್ಕಿಯೊಂದಿಗೇ ಅರೆಯಿರಿ, ಆದರೆ ಹಿಟ್ಟಿಗೆ ನೀರು ಎಂದಿಗಿಂತ ಕಾಲು ಲೋಟ ಕಡಿಮೆ ಹಾಕಿ.